ಲ್ಯಾಬಿಗೆ ಹೋಗದ ಹೆಪ್ಪು

ನಂಜಮ್ಮನವರ ಕಾಲಿನಿಂದ ತೆಗೆದ ರಕ್ತದ ಹೆಪ್ಪನ್ನು ಪರೀಕ್ಷೆಗೆ ಕಳಿಸದೆ, ಕಳಿಸಿದ್ದೇನೆ ಎಂದು ಸುಳ್ಳು ಹೇಳಿದವಳು ನಾನು. ನಾಲ್ಕು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ.

ತುಮಕೂರಿನ ಒಂದು ಆಸ್ಪತ್ರೆಯಲ್ಲಿ ನಾನು ಆಪರೇಷನ್ ಥಿಯೇಟರ್ ನರ್ಸ್; ದಿನಾ ಗುಬ್ಬಿಯಿಂದ ಓಡಾಡುತ್ತೇನೆ. ನಂಜಮ್ಮ ಕುಣಿಗಲ್ ತಾಲ್ಲೂಕಿನ ಅಮೃತೂರಿನಲ್ಲಿ ಬಟ್ಟೆ ಹೊಲಿಯುವವರು. ಒಂದು ಬೆಳಿಗ್ಗೆ ಬಲಗಾಲು ಇದ್ದಕ್ಕಿದ್ದಂತೆ ತಣ್ಣಗಾಗಿ ಬಂದಿದ್ದರು. ಡಾಕ್ಟರು ರಕ್ತನಾಳಕ್ಕೆ ಅಡ್ಡ ಕೂತಿದ್ದ ಹೆಪ್ಪನ್ನು ತೆಗೆದು, “ಸಿಸ್ಟರ್, ಇದನ್ನ ಲ್ಯಾಬಿಗೆ ಕಳ್ಸಿ” ಎಂದರು. ಹೆಪ್ಪಿದ್ದ ಟ್ರೇಯನ್ನು ಪಕ್ಕಕ್ಕಿಟ್ಟೆ—ಮುಂದಿನ ಕೇಸಿನ ಗಡಿಬಿಡಿ—ನೆನಪಾಗಿ ತಿರುಗುವಷ್ಟರಲ್ಲಿ ಹೆಪ್ಪು ಕಸದ ಚೀಲ ಸೇರಿ ಹೋಗಿತ್ತು.

ಅಲ್ಲಿಯವರೆಗಿನದು ಮರೆವು. ಆಮೇಲಿನದು ಮರೆವಲ್ಲ. ವಾರದ ಬಳಿಕ ಡಾಕ್ಟರು ರಿಪೋರ್ಟ್ ಕೇಳಿದಾಗ ನನ್ನ ಬಾಯಿಂದ ಬಂದದ್ದು—“ಬರೀ ಹೆಪ್ಪಂತೆ ಸಾರ್, ಲ್ಯಾಬಿನವ್ರು ಫೋನಲ್ಲಿ ಹೇಳಿದ್ರು.” ಅವರು ನಂಬಿದರು.

ಮೂರು ತಿಂಗಳಿಗೆ ಎಡಗಾಲೂ ಹಾಗೇ ತಣ್ಣಗಾಯಿತು; ಮತ್ತೆ ಹೆಪ್ಪು ತೆಗೆದರು. ಈ ಸಲ ಬಾಟಲಿ ಹಿಡಿದು ನಾನೇ ಲ್ಯಾಬಿಗೆ ಹೋದೆ. ಅಲ್ಲಿನ ಡಾಕ್ಟರಮ್ಮ ಹೆಪ್ಪಿನೊಳಗೆ ಕ್ಯಾನ್ಸರ್ ಕಣಗಳನ್ನು ಕಂಡರು. ಲಿಂಫೋಮಾ ಎಂಬ ಒಂದು ಬಗೆಯ ರಕ್ತದ ಕ್ಯಾನ್ಸರ್—ಸ್ಕ್ಯಾನ್ ಮಾಡಿಸಿದರೆ, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಒಳಗೇ ಹುಟ್ಟಿಕೊಂಡದ್ದು. ಅದರ ಚೂರುಗಳೇ ಕಳಚಿ ಕಾಲಿಗೆ ಇಳಿಯುತ್ತಿದ್ದವು. ಇಂಥದ್ದನ್ನು ಪುಸ್ತಕದಲ್ಲಿ ಮಾತ್ರ ಓದಿದ್ದೆ ಎಂದರು ಆಕೆ. ಔಷಧಿ ಹಿಡಿಯಿತು. ನಂಜಮ್ಮ ಉಳಿದರು. ಎಡಗಾಲಿನ ಎರಡು ಬೆರಳು ಉಳಿಯಲಿಲ್ಲ. ಮೊದಲ ಹೆಪ್ಪು ಲ್ಯಾಬಿಗೆ ಹೋಗಿದ್ದರೆ...

ತಪಾಸಣೆಗೆ ಬಂದಾಗಲೆಲ್ಲ ನಂಜಮ್ಮ ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. “ಈವಮ್ಮ ತಾನೇ ಲ್ಯಾಬಿಗೆ ಎತ್ಕೊಂಡೋಗಿದ್ಕೆ ನಾನ್ ಬದ್ಕಿರೋದು” ಎಂದು ಸಿಕ್ಕವರಿಗೆಲ್ಲ ಹೇಳುವರು. ಕಳೆದ ಸಲ ನನಗೊಂದು ರವಿಕೆ ಹೊಲಿದು ತಂದಿದ್ದರು, ಅಳತೆ ಕೇಳದೆ, ಕಣ್ಣಂದಾಜಿನಲ್ಲೇ. ಸರಿಯಾಗಿ ಕೂತಿತು. ಅದನ್ನು ತೊಟ್ಟು ಕನ್ನಡಿ ನೋಡಲು ನನ್ನಿಂದಾಗಲಿಲ್ಲ—

ಮೊನ್ನೆ ಭಾನುವಾರ ಕುಣಿಗಲ್‌ನಲ್ಲಿ ಬಸ್ಸು ಬದಲಿಸಿ ಅವರ ಮನೆಗೆ ಹೋದೆ. ಎಲ್ಲ ಹೇಳಿದೆ. ಅವರು ಮಷೀನು ನಿಲ್ಲಿಸಿ ತಮ್ಮ ಎಡಪಾದವನ್ನು ನೋಡಿಕೊಂಡರು.

“ಡಾಕ್ಟ್ರಿಗೆ ಹೇಳಿದೀಯಾ?”

“ಇಲ್ಲಕ್ಕಾ.”

“ಮೊದ್ಲು ಅವ್ರಿಗೆ ಹೇಳು. ಇನ್ಯಾರ್ಗೂ ಹಿಂಗಾಗ್ಬಾರ್ದು.” ಮತ್ತೆ ಅಂದರು: “ನಂಗ್ ಸಿಟ್ ಬಂದೈತೆ ಕಣಮ್ಮ. ಇವತ್ ಊಟಕ್ ಇರು ಅನ್ನಲ್ಲ. ಹೇಳ್ಬುಟ್ಟು ಬಾ, ಆಮೇಲ್ ನೋಡಾನ.”

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತುಬಿಟ್ಟೆ. ನನ್ನ ಮೇಲೆ ಸಿಟ್ಟಾಗಲು ಅವರು ಬದುಕಿದ್ದಾರಲ್ಲ—ಆ ಒಂದಕ್ಕೆ ಎಷ್ಟು ಕೈಮುಗಿದರೂ ಸಾಲದು. ಆ ಹೆಪ್ಪಿನೊಳಗೆ ಇಣುಕಿ ನೋಡಿದ ಡಾಕ್ಟರಮ್ಮನಿಗೂ ನಾನು ಋಣಿ; ಅವರು ಉಳಿಸಿದ್ದು ನಂಜಮ್ಮನನ್ನು ಮಾತ್ರವಲ್ಲ.

ನಿನ್ನೆ, ಆಪರೇಷನ್ ಮಾಡಿದ್ದ ಡಾಕ್ಟರಿಗೆ ಹೇಳಿದೆ. ಅವರು ಮುಖ ಎತ್ತದೆ, ಬರೆದು ಕೊಡಿ ಎಂದರು. ‘ಮರೆತೆ’ ಎಂದು ಬರೆದ ಮೇಲೆ ಪೆನ್ನು ನಿಂತಿತು. ನಂತರ ಅದರ ಕೆಳಗೆ ‘ಸುಳ್ಳು ಹೇಳಿದೆ’ ಎಂದೂ ಬರೆದು ಸಹಿ ಹಾಕಿದೆ.