ಭಜಿ ಹಿಟ್ಟಿಗೆ ಬಿದ್ದ ಕಬ್ಬಿಣದ ತುಂಡು

ಕಬ್ಬಿಣ ಹೆರೆಯುವ ಮಿಲ್ಲಿಂಗ್ ಮಷಿನ್ ಚಾಲೂ ಮಾಡಿದ್ದೇ ತಡ, ಕಚ್ಚಿ ಹಿಡಿಯುವ ವೈಸ್‌ನ ದವಡೆಯಲ್ಲಿ ಬಿಗಿದಿದ್ದ ಕಬ್ಬಿಣದ ತುಂಡು ಟಣ್ ಎಂದು ಹಾರಿ ಕಿಟಕಿಯಾಚೆ ಮಾಯವಾಯಿತು. ಗೋಕಾಕದ ನನ್ನ ವರ್ಕ್‌ಶಾಪಿನ ಪಕ್ಕದಲ್ಲೇ ಶಾಂತಕ್ಕನ ಮಿರ್ಚಿ ಭಜಿ ಅಂಗಡಿ. ಆ ಕಡೆಯಿಂದ ಸದ್ದೇ ಇಲ್ಲ. ಮಷಿನ್ ಬಂದ್ ಮಾಡಿದೆ.

ಅತ್ತ ಓಡಬೇಕು ಎನ್ನುವಷ್ಟರಲ್ಲಿ ಅವಳೇ ಬಾಗಿಲಿಗೆ ಬಂದಳು. ಕೈಯಲ್ಲೊಂದು ತಾಟು, ಅದರಲ್ಲಿ ಮೈತುಂಬ ಕಡಲೆ ಹಿಟ್ಟು ಮೆತ್ತಿಕೊಂಡ ನನ್ನ ತುಂಡು.

“ಅಣ್ಣಾರ, ಇದನ್ನ ಕರದ ಕೊಡ್ಲೋ, ಹಂಗ ಒಯ್ತೀರೋ?”

ತಪ್ಪು ನನ್ನದೇ. ದಸರೆಯಲ್ಲಿ ಆಯುಧ, ಯಂತ್ರಗಳನ್ನು ಪೂಜಿಸುವ ಖಂಡೆ ಪೂಜೆಯ ದಿನ ವೈಸ್‌ನ ಎರಡು ದವಡೆಗಳ ನಡುವೆ ಚೆಂಡುಹೂ ಇಟ್ಟಿದ್ದೆ. ರಜೆ ಮುಗಿಸಿ ಬಂದಾಗ ಪೂಜೆಯ ಹೂ ಕಿತ್ತೆಸೆಯಲು ಮನಸ್ಸಾಗದೆ, ಅದನ್ನೂ ಸೇರಿಸಿಯೇ ತುಂಡು ಬಿಗಿದೆ. ಹೂ ಜಜ್ಜಿಹೋಗಿ ಹಿಡಿತ ಜಾರಿತ್ತು. ಇದನ್ನೆಲ್ಲ ಹೇಳಿದೆ. ಶಾಂತಕ್ಕ ವೈಸ್ ಕಡೆ ಬಗ್ಗಿ ನೋಡಿದಳು.

“ಹೂವು ದೇವರ ತಲಿಮ್ಯಾಲ ಏರಸ್ತಾರ್ರಿ, ಬಾಯಾಗ ತುರಕೂದಿಲ್ಲ.”

ಈಗ ಹೂ ಮಷಿನ್ನಿನ ನೆತ್ತಿಗೇರಿದೆ. ತುಂಡು ಬಿಗಿದ ಮೇಲೆ ಎರಡು ಸಲ ಅಲುಗಾಡಿಸಿ ನೋಡುತ್ತೇನೆ. ಆದರೂ ನನ್ನ ಮಷಿನ್ ಸದ್ದು ಕೇಳಿದ ಕೂಡಲೇ ಶಾಂತಕ್ಕ ಹಿಟ್ಟಿನ ಬೋಗುಣಿಗೆ ಮುಚ್ಚಳ ಹಾಕುತ್ತಾಳೆ.