ಎರಡೂ ಕಡೆಗೆ ತಲೆಯಾಡಿಸಿದ ಡಿಂಫ್ನಾ

ಬ್ಯಾಲಿಕುಲೆನ್ ಊರಿನ ಹೆಂಗಸರಲ್ಲಿ ಡಿಂಫ್ನಾ ಲೇಡನ್ನಳ ಕೈಗೆ ತಲೆ ಕೊಡದವರು ಕಡಿಮೆ. ಮಾಂಸದಂಗಡಿಗೂ ಕುದುರೆ ಜೂಜಿನ ಅಂಗಡಿಗೂ ನಡುವೆ ಅವಳ ಸಲೂನು. ಎರಡು ಕುರ್ಚಿ, ಒಂದು ಬೇಸಿನ್ನು, ತಲೆ ಒಣಗಿಸುವ ಹಳೇ ಟೋಪಿಯಂಥ ಯಂತ್ರ, ಆರಲು ಬಿಡುವಿಲ್ಲದ ಕೆಟಲ್ಲು. ಕಸುಬು ಅಮ್ಮನಿಂದ ಬಂದದ್ದು, ಕಸುಬಿನ ಜೊತೆಗೆ ಬುದ್ಧಿಮಾತೂ ಬಂದಿತ್ತು. "ಕತ್ತರಿ ಕೈಲಿರುವಾಗ ವಾದ ಮಾಡ್ಬೇಡ ಮಗಳೇ, ಯಾರದಾದ್ರೂ ಕಿವಿ ಹೋದೀತು."

ಹಾಗಾಗಿ ಡಿಂಫ್ನಾ ವಾದ ಮಾಡುತ್ತಿರಲಿಲ್ಲ. ಯಾರು ಏನೇ ಹೇಳಲಿ, ಕನ್ನಡಿಯಲ್ಲಿ ಅವರ ಕಣ್ಣು ನೋಡುತ್ತಾ ತಲೆಯಾಡಿಸುವಳು. ಸೊಸೆ ಸರಿಯಿಲ್ಲ ಅಂದರೂ ಹೂಂ, ಅದೇ ಸೊಸೆ ಮರುದಿನ ಬಂದು ಅತ್ತೆ ಸರಿಯಿಲ್ಲ ಅಂದರೂ ಹೂಂ. ನಮ್ಮ ಕೋಲೆ ಬಸವನೂ ಅವಳೆದುರು ಸೋಲಬೇಕು. ಅವಳ ಗಂಡ ಮ್ಯಾಟಿ ಹಾಲಿನ ಟ್ಯಾಂಕರು ಓಡಿಸುವವನು. "ಮದುವೆ ಆಗ್ತೀಯಾ ಅಂತ ಕೇಳ್ದಾಗ್ಲೂ ಇವಳು ತಲೆಯಾಡಿಸಿದ್ಲು. ಒಪ್ಪಿದ್ಲೋ, ಸುಮ್ನೆ ಕೇಳಿಸ್ಕೊಂಡ್ಲೋ, ನಂಗೆ ಇವತ್ತಿಗೂ ಗೊತ್ತಿಲ್ಲ" ಅನ್ನುತ್ತಿದ್ದ.

ಆ ವರ್ಷ ವಸಂತದಲ್ಲಿ ಐರ್ಲೆಂಡು ದೇಶಕ್ಕೆ ದೇಶವೇ ಎರಡು ಹೋಳಾಗಿತ್ತು. ಗರ್ಭಪಾತಕ್ಕೆ ಸಂವಿಧಾನದಲ್ಲೇ ಹಾಕಿಟ್ಟ ತಡೆಯನ್ನು ತೆಗೆಯಬೇಕೇ ಎಂದು ಮೇ ತಿಂಗಳಲ್ಲಿ ಜನ ವೋಟು ಹಾಕಬೇಕಿತ್ತು. ತೆಗೆಯಿರಿ ಅನ್ನುವವರು 'ಹೌದು', ಇರಲಿ ಅನ್ನುವವರು 'ಬೇಡ'. ದೀಪದ ಕಂಬವೊಂದೂ ಪೋಸ್ಟರಿಲ್ಲದೆ ಉಳಿದಿರಲಿಲ್ಲ. ಊರಿನ 'ಬೇಡ' ಕಡೆಯವರಿಗೆ ಮುಂದಾಳು ಅಟ್ರಾಕ್ಟಾ ಲ್ಯಾವಿನ್, ನಿವೃತ್ತ ಟೀಚರಮ್ಮ, ಅರ್ಧ ಊರಿಗೆ ಮಗ್ಗಿ ಬಾಯಿಪಾಠ ಮಾಡಿಸಿದಾಕೆ. 'ಹೌದು' ಕಡೆಯವರಿಗೆ ಔಷಧಿ ಅಂಗಡಿಯ ಗ್ರಾನ್ಯಾ ಫೀನಿ. ಇಬ್ಬರಿಗೂ ಡಿಂಫ್ನಾಳ ಹತ್ತಿರ ಶುಕ್ರವಾರವೇ ಆಗಬೇಕು. ಅಟ್ರಾಕ್ಟಾಳನ್ನು ಬೆಳಿಗ್ಗೆ ಮುಗಿಸಿ ಕಳಿಸಿ, ನಡುವೆ ತನ್ನ ಊಟವನ್ನು ಗೋಡೆಯಂತೆ ಇಟ್ಟುಕೊಂಡು, ಆಮೇಲೆ ಗ್ರಾನ್ಯಾಳನ್ನು ಒಳಗೆ ಬಿಟ್ಟುಕೊಳ್ಳುತ್ತಿದ್ದಳು ಡಿಂಫ್ನಾ.

ಅಷ್ಟರಲ್ಲಿ ಡಬ್ಲಿನ್ನಿನಿಂದ ರೂರಿ ಡಾಲ್ಟನ್ ಎಂಬ ಗಡ್ಡದ ಹುಡುಗ ಕ್ಯಾಮೆರಾ ಹೊತ್ತುಕೊಂಡು ಬಂದ. ಈ ಚರ್ಚೆ ಒಂದು ಸಣ್ಣ ಊರಿನಲ್ಲಿ ಹೇಗೆ ನಡೆದಿದೆ ಅಂತ ಟಿವಿಗೆ ಸಾಕ್ಷ್ಯಚಿತ್ರ ಮಾಡುವವನಂತೆ.

"ನಮಗೆ ಸಮತೋಲ ಬಹಳ ಮುಖ್ಯ, ಡಿಂಫ್ನಾ" ಅಂದ. "ಆ ಕಡೆಯೋರು ಸಿಕ್ರು, ಈ ಕಡೆಯೋರು ಸಿಕ್ರು. ಮಧ್ಯದೋರು ಒಬ್ರು ಬೇಕು."

"ಮಧ್ಯದೋರು ಅಂದ್ರೆ ಯಾರಪ್ಪಾ?"

"ಇನ್ನೂ ತೀರ್ಮಾನ ಮಾಡ್ದೇ ಇರೋರು. ಎರಡೂ ಕಡೆ ಮಾತು ಕೇಳೋರು. ನಿಮ್ಮ ಥರ."

ಡಿಂಫ್ನಾ ಅಭ್ಯಾಸಬಲದಿಂದ ತಲೆಯಾಡಿಸಿದಳು. ಅಲ್ಲಿಗೆ ಅವಳು ತೀರ್ಮಾನ ಮಾಡದವಳಾಗಿಬಿಟ್ಟಳು. ನಿನ್ನ ಮನಸ್ಸಿನಲ್ಲೇನಿದೆ ಅಂತ ಹುಡುಗ ಕೇಳಲಿಲ್ಲ, ಇವಳಾಗಿ ಹೇಳಲೂ ಇಲ್ಲ.

ಶುಕ್ರವಾರ ಪೂರ್ತಿ ಕ್ಯಾಮೆರಾ ಸಲೂನಿನ ಮೂಲೆಯಲ್ಲಿ ನಿಂತಿತ್ತು. ಎಲ್ಲ ಮುಗಿದು ಗಿರಾಕಿಗಳು ಹೋದ ಮೇಲೆ ರೂರಿ ಇವಳನ್ನೇ ಕುರ್ಚಿಯಲ್ಲಿ ಕೂರಿಸಿದ. ಜೀವಮಾನದಲ್ಲಿ ಮೊದಲ ಸಲ ಆ ಕುರ್ಚಿಯಲ್ಲಿ ಅವಳು ಕೂತಿದ್ದು, ಎದುರಿಗೆ ಒಬ್ಬ ತಲೆಯಾಡಿಸುತ್ತಾ ಕೇಳುತ್ತಿದ್ದುದು. ಕಟ್ಟೆ ಒಡೆದ ಹಾಗೆ ಮಾತು ಬಂತು.

ಹೆಸರು ಹೇಳದೆ ಎರಡು ಸಂಗತಿ ಹೇಳಿದಳು. ಒಂದು, ಹಿಂದೆ ಅವಳ ಬಳಿ ಕೆಲಸ ಕಲಿಯುತ್ತಿದ್ದ ಒಬ್ಬ ಹುಡುಗಿಯದು. ಲಿವರ್‌ಪೂಲಿಗೆ ಗರ್ಭ ತೆಗೆಸಿಕೊಳ್ಳಲು ಇಂಗ್ಲೆಂಡಿನ ಹಡಗು ಹತ್ತುವ ಮುನ್ನಾದಿನ ಆ ಹುಡುಗಿ ತಾನೇ ಕುರ್ಚಿಯಲ್ಲಿ ಕೂತು, "ಕೂದಲು ಚೆನ್ನಾಗಿ ಮಾಡಿಕೊಡಿ. ಅಲ್ಲಿನ ಡಾಕ್ಟರು ನನ್ನನ್ನ ಕೊಳಕು ಹುಡುಗಿ ಅಂದ್ಕೋಬಾರದು" ಅಂದಿದ್ದಳು. ಮುಂದಿನ ವಾರ ಅವಳ ತಾಯಿ ಅದೇ ಕುರ್ಚಿಯಲ್ಲಿ ಕೂತು, ಮಗಳು ಲಿವರ್‌ಪೂಲಿನಿಂದ ತಂದ ನೀಲಿ ಕೋಟು ಎಷ್ಟು ಚಂದ ಅಂತ ಹೊಗಳಿದ್ದಳು. ಡಿಂಫ್ನಾ ತಲೆಯಾಡಿಸಿದ್ದಳು. ಎರಡನೆಯದು ಒಬ್ಬ ತಾಯಿಯದು. ಹುಟ್ಟಿದರೂ ಉಳಿಯದು ಅಂತ ಡಾಕ್ಟರು ಹೇಳಿದ ಮಗುವನ್ನು ಹೊತ್ತು ಹೆತ್ತಳು. ಒಂದು ಮಧ್ಯಾಹ್ನದಷ್ಟು ಹೊತ್ತು ಅದು ಅವಳ ಎದೆಯ ಮೇಲೆ ಬದುಕಿತ್ತು. ಪ್ರತಿವರ್ಷ ಆ ಮಗುವಿನ ಹುಟ್ಟುಹಬ್ಬಕ್ಕೆ ಆಕೆ ಬಂದು ತಲೆ ಬಾಚಿಸಿಕೊಂಡು ಸ್ಮಶಾನಕ್ಕೆ ಹೋಗುತ್ತಾಳೆ. ಆ ಮಧ್ಯಾಹ್ನವನ್ನು ಯಾವ ಸಾಮ್ರಾಜ್ಯಕ್ಕೂ ಬಿಟ್ಟುಕೊಡುವವಳಲ್ಲ.

ರೂರಿಯ ಜೊತೆ ಬಂದು ಧ್ವನಿ ರೆಕಾರ್ಡು ಮಾಡುತ್ತಿದ್ದ ಹುಡುಗಿ ತೋಳಿನಲ್ಲಿ ಮೂಗು ಒರೆಸಿಕೊಂಡಳು. "ಇದೇ ನಮ್ಮ ಚಿತ್ರದ ಜೀವ" ಅಂದ ರೂರಿ.

ಅವರು ಸಾಮಾನು ಕಟ್ಟಿಕೊಂಡು ಹೊರಟ ಮೇಲೆ ಡಿಂಫ್ನಾ ಪೊರಕೆ ಹಿಡಿದವಳು ಅರ್ಧಕ್ಕೇ ನಿಂತಳು. ಹೆಸರು ಹೇಳದಿದ್ದರೇನು? ಅವಳ ಬಳಿ ಕೆಲಸ ಕಲಿತವರು ಬೆರಳೆಣಿಕೆಯ ಹುಡುಗಿಯರು. ಬ್ಯಾಲಿಕುಲೆನ್ನಿನ ಜನಕ್ಕೆ ಬೆರಳೂ ಇವೆ, ಎಣಿಸಲೂ ಬರುತ್ತದೆ. ನೀಲಿ ಕೋಟಿನ ಸುದ್ದಿ ಬೇರೆ ಹೇಳಿಬಿಟ್ಟಿದ್ದಾಳೆ. ರೂರಿಗೆ ಫೋನು ಮಾಡಿದರೆ ಎತ್ತುವವರಿಲ್ಲ.

"ಹೇಳೋವಾಗ ನಾಲಿಗೆ ಚುರುಕಾಗಿತ್ತು, ಈಗ ಚಿಂತೆನಾ?" ಅಂದ ಮ್ಯಾಟಿ.

"ನೀನು ಸುಮ್ನಿರು."

"ನಾನು ಸುಮ್ನೇ ಇದೀನಿ. ಟಿವಿಲಿ ಬರೋಳು ನೀನು."

ಚಿತ್ರ ಬಂದ ಸಂಜೆ ಗಂಡಹೆಂಡತಿ ಸೋಫಾದಲ್ಲಿ ಕೂತರು, ಮ್ಯಾಟಿ ಹ್ಯಾಮ್ ಸ್ಯಾಂಡ್‌ವಿಚ್ಚಿನ ತಟ್ಟೆ ಇಟ್ಟುಕೊಂಡು, ಡಿಂಫ್ನಾ ಮುಖದ ಮೇಲೆ ಕುಶನ್ನು ಇಟ್ಟುಕೊಂಡು. ಅಟ್ರಾಕ್ಟಾ ಬಂದಳು, ಗ್ರಾನ್ಯಾ ಬಂದಳು, ಪಾದ್ರಿ ಬಂದರು, ಪಾದ್ರಿಯ ನಾಯಿಯೂ ಬಂತು. ಹಡಗಿನ ಹುಡುಗಿ ಬರಲಿಲ್ಲ. ಮಧ್ಯಾಹ್ನದ ಮಗುವೂ ಬರಲಿಲ್ಲ. ಡಿಂಫ್ನಾ ಮಾತ್ರ ಆಗಾಗ ಬಂದಳು, ಬಾಯಿಗೆ ಬೀಗ ಹಾಕಿಕೊಂಡವಳಂತೆ ನೆಲದ ಕೂದಲು ಗುಡಿಸುತ್ತಾ. ಅಟ್ರಾಕ್ಟಾ "ಹೊಟ್ಟೆಯೊಳಗಿರೋದೂ ಒಂದು ಜೀವ" ಅಂದಾಗ ಡಿಂಫ್ನಾ ತಲೆಯಾಡಿಸಿದಳು. ಗ್ರಾನ್ಯಾ "ನಮ್ಮ ಹೆಣ್ಣುಮಕ್ಕಳನ್ನ ಇನ್ನೂ ಎಷ್ಟು ದಿನ ಹಡಗು ಹತ್ತಿಸ್ತೀರಿ?" ಅಂದಾಗಲೂ ತಲೆಯಾಡಿಸಿದಳು. ಅಸಲಿಗೆ ಮೊದಲನೆಯದು ಗಿರಾಕಿಯೊಬ್ಬಳು ಬೇಸಿನ್ನಿನ ನೀರು ಹದವಾಗಿದೆ ಅಂದಿದ್ದಕ್ಕೆ. ಎರಡನೆಯದು ಇನ್ನೊಬ್ಬಳು ಚಹಾಕ್ಕೆ ಸಕ್ಕರೆ ಬೇಕು ಅಂದಿದ್ದಕ್ಕೆ. ಎರಡನ್ನೂ ಕತ್ತರಿಸಿ ತಂದು ಇಲ್ಲಿ ಅಂಟಿಸಿದ್ದರು. ಅವಳ ಮುಖದ ಕೆಳಗೆ ಬರೆದಿತ್ತು: ಡಿಂಫ್ನಾ, ಇನ್ನೂ ತೀರ್ಮಾನಿಸಿಲ್ಲ.

ಹೋದ ಜೀವ ಬಂದ ಹಾಗಾಯಿತು ಅವಳಿಗೆ. ಆದರೆ ಅದರ ಹಿಂದೆಯೇ ಇನ್ನೊಂದು ಬಂತು, ಒಂಥರಾ ಉರಿ. ಮರುದಿನ ಕೊನೆಗೂ ರೂರಿ ಫೋನೆತ್ತಿದ.

"ನೋಡಿ ಡಿಂಫ್ನಾ, ಒಂದು ಕತೆ ಆ ಕಡೆಗೆ ತುಂಬಾ ಭಾರ, ಇನ್ನೊಂದು ಈ ಕಡೆಗೆ. ಒಂದನ್ನ ಇಟ್ರೆ ಇನ್ನೊಂದನ್ನೂ ಇಡ್ಬೇಕು. ಎರಡನ್ನೂ ಇಟ್ರೆ ಉಳಿದೋರಿಗೆ ಜಾಗ ಇಲ್ಲ. ಹೇಗೂ ಸರಿಗೆ ಸರಿ ಆಗುತ್ತಲ್ಲ, ಎರಡನ್ನೂ ತೆಗೆದ್ವಿ."

"ಚಿತ್ರದ ಜೀವ ಅಂದಿದ್ದೆಯಲ್ಲಪ್ಪಾ?"

ಇನ್ನೊಂದು ಫೋನು ಬರ್ತಿದೆ ಅಂತ ರೂರಿ ಇಟ್ಟುಬಿಟ್ಟ.

ಸಮತೋಲಕ್ಕೆ ಅಷ್ಟು ಒದ್ದಾಡಿದ್ದ ಚಿತ್ರ ಊರಿನಲ್ಲಿ ಒಬ್ಬರಿಗೂ ಸಮವಾಗಿ ಕಾಣಲಿಲ್ಲ. "ಅವಳನ್ನ ಬಿಸಿಲಲ್ಲಿ ನಿಲ್ಲಿಸಿ ತೆಗೆದಿದಾರೆ, ನನ್ನನ್ನ ಮಳೇಲಿ" ಅಂದಳು ಅಟ್ರಾಕ್ಟಾ. "ಬೇಕಂತ್ಲೇ ಮಾಡಿದ್ದು. ನಾನು ಮುಳುಗಿಹೋದ ಬೆಕ್ಕಿನ ಥರ ಕಾಣ್ತೀನಿ." ಊಟದ ಹೊತ್ತು ಕಳೆದ ಮೇಲೆ ಬಂದ ಗ್ರಾನ್ಯಾಳದು ಬೇರೆ ದೂರು. "ಅವಳ ಹಿಂದೆ ಮೊಮ್ಮಕ್ಕಳು, ಕುರಿಮರಿ. ನನ್ನ ಹಿಂದೆ ಕೆಮ್ಮಿನ ಔಷಧಿ ಸೀಸೆ. ಇದು ಸಮತೋಲನಾ?" ಕೊನೆಗೆ ಇಬ್ಬರೂ ಕೇಳಿದ್ದು ಒಂದೇ ಮಾತು: "ಅದಿರ್ಲಿ, ಅವಳ ಮಾತಿಗೆ ನೀನ್ಯಾಕೆ ತಲೆಯಾಡಿಸ್ದೆ?"

ಇನ್ನು ತಲೆಯಾಡಿಸಲೇಬಾರದು ಅಂತ ಡಿಂಫ್ನಾ ಹಟ ತೊಟ್ಟಳು. ಕತ್ತನ್ನು ಗೂಟದ ಹಾಗೆ ನೆಟ್ಟಗೆ ಹಿಡಿದು ಕೂದಲು ಕತ್ತರಿಸಿದಳು. ಗಿರಾಕಿಗಳ ಮಾತು ಅರ್ಧಕ್ಕೇ ನಿಂತುಹೋಗತೊಡಗಿತು. ಮಾಂಸದಂಗಡಿಯವನ ಹೆಂಡತಿ ನೋವಿನ ಮುಲಾಮು ತಂದುಕೊಟ್ಟು, "ಕತ್ತು ಹಿಡ್ಕೊಂಡ್ರೆ ಅಸಡ್ಡೆ ಮಾಡ್ಬಾರದು" ಅಂದಳು.

ಹೀಗಿರುವಾಗ ಒಂದು ಬುಧವಾರ ಹೇಳದೆ ಕೇಳದೆ ಮಜೆಲ್ಲಾ ಬಂದಳು. ಹಡಗು ಹತ್ತಿದ್ದ ಹುಡುಗಿ ಅವಳೇ. ಈಗ ಸ್ಲೈಗೋ ಪಟ್ಟಣದಲ್ಲಿ ಸ್ವಂತ ಸಲೂನು, ಬೆಳೆದ ಇಬ್ಬರು ಮಕ್ಕಳು, ಕೂದಲಲ್ಲಿ ನರೆ. ಕುರ್ಚಿಯಲ್ಲಿ ಕೂತು ಕನ್ನಡಿಯಲ್ಲೇ ಕೇಳಿದಳು.

"ನೀವು ಟಿವಿಲಿ ಬಂದ್ರಂತೆ, ನಾನು ನೋಡ್ಲಿಲ್ಲ. ನನ್ನ ವಿಷಯ ಅವರಿಗೆ ಹೇಳಿದ್ರಾ?"

ಡಿಂಫ್ನಾ ಬಾಚಣಿಗೆ ಕೆಳಗಿಟ್ಟಳು. "ಹೇಳ್ದೆ ಕಣೇ. ಹೆಸರು ಹೇಳ್ಲಿಲ್ಲ. ಆದ್ರೂ ಹೇಳ್ಬಾರದಿತ್ತು. ಅವರು ಕತ್ತರಿಸಿ ಬಿಸಾಕಿದಾರೆ, ಹೆದರ್ಬೇಡ."

"ಏನಂತ ಹೇಳಿದ್ರಿ?"

ಡಿಂಫ್ನಾ ಹೇಳಿದಳು. ಕೂದಲು, ಡಾಕ್ಟರು, ಕೋಟು, ಎಲ್ಲ. ಮಜೆಲ್ಲಾ ಅಲುಗಾಡದೆ ಕೇಳಿದಳು. ಹೊರಗೆ ಜೂಜಿನ ಅಂಗಡಿಯಲ್ಲಿ ಯಾರೋ ಕುದುರೆಯೊಂದನ್ನು ಬೈಯುತ್ತಿದ್ದರು.

"ಕೋಟು ನಾನು ಕೊಂಡಿದ್ದಲ್ಲ" ಅಂದಳು ಕೊನೆಗೆ. "ಅಲ್ಲಿನ ನರ್ಸು ಕೊಟ್ಟಿದ್ದು. ಅವಳದೇ ಕೋಟು. ನಾನು ನಡುಗ್ತಿದ್ದೆ, ಬಿಚ್ಚಿ ಹೊದಿಸಿದ್ಲು. ಅಮ್ಮನಿಗೆ ಸೇಲಲ್ಲಿ ಸಿಕ್ತು ಅಂದೆ." ಆಮೇಲೆ ಕನ್ನಡಿಯ ಕಡೆಗೆ ಬಾಗಿ, "ಕತ್ತರಿಸಿಬಿಟ್ರಾ? ಪೂರ್ತಿ?" ಅಂದಳು.

"ಪೂರ್ತಿ."

"ಇಷ್ಟು ವರ್ಷ ಆದ್ಮೇಲೆ ಯಾರೋ ಒಬ್ರು ಬಾಯಿಬಿಟ್ಟು ಹೇಳಿದ್ರೆ, ಅದಕ್ಕೂ ಕತ್ತರಿ! ನಾನು ಬರೋ ದಾರೀಲಿ ಎಲ್ಲಿ ಹೇಳಿಬಿಟ್ರೋ ಅಂತ ನಿಮ್ಮನ್ನ ಬೈಕೊಂಡು ಬಂದೆ. ಈಗ ನೋಡಿದ್ರೆ ಅವರು ತೋರಿಸ್ಲಿಲ್ಲ ಅಂತ ಸಿಟ್ಟು ಬರ್ತಿದೆ."

ಇಬ್ಬರೂ ನಕ್ಕರು. ನಗುತ್ತಲೇ ಮಜೆಲ್ಲಾಳ ಕಣ್ಣು ಒದ್ದೆಯಾಯಿತು. ಮುಂದಿನ ಸೋಮವಾರ ಊರಿನ ಸಭಾಂಗಣದಲ್ಲಿ ಎರಡೂ ಕಡೆಯವರನ್ನು ಕೂರಿಸಿ ಚರ್ಚೆ ಇದೆ ಅಂತ ಡಿಂಫ್ನಾ ಹೇಳಿದಳು. "ಹೇಳಿ" ಅಂದಳು ಮಜೆಲ್ಲಾ. "ಕೋಟಿನ ಕತೆ ಸರಿಯಾಗಿ ಹೇಳಿ. ಹೆಸರು ಬೇಡ."

ಆ ಸಂಜೆಯೇ ಡಿಂಫ್ನಾ ಒಂದು ಮಧ್ಯಾಹ್ನ ಬದುಕಿದ ಮಗುವಿನ ತಾಯಿಯ ಮನೆಗೂ ಹೋದಳು. ಆಕೆ ಬಾಗಿಲಲ್ಲೇ ನಿಂತು ಯೋಚಿಸಿ ಹೇಳಿದಳು: "ನನ್ನ ಹೆಸರು ಹೇಗಾದ್ರೂ ಇರ್ಲಿ. ಅವನ ಹೆಸರು ಹೇಳು. ಕೋನಾಲ್. ಅದನ್ನ ಕರೆಯೋರೇ ಇಲ್ಲ."

ಸೋಮವಾರ ಸಭಾಂಗಣ ತುಂಬಿತ್ತು. ಅಟ್ರಾಕ್ಟಾ ಒಂದು ಮೇಜಿಗೆ, ಗ್ರಾನ್ಯಾ ಇನ್ನೊಂದಕ್ಕೆ. ಚರ್ಚೆ ನಡೆಸಲು ಸ್ಥಳೀಯ ರೇಡಿಯೋದವನು ಬಂದಿದ್ದ. "ತೀರ್ಮಾನ ಮಾಡದೇ ಇರೋ ನಮ್ಮ ಡಿಂಫ್ನಾ ಕೂಡ ಇಲ್ಲೇ ಇದಾರೆ" ಅಂತ ಅವನು ತಮಾಷೆಯಾಗಿ ಹೇಳಿದ. ಜನ ನಕ್ಕರು. ಡಿಂಫ್ನಾ ಎದ್ದು ನಿಂತಳು. ಕೈಯಲ್ಲಿ ಕತ್ತರಿ ಇರಲಿಲ್ಲ. ಕೈ ಎಲ್ಲಿಡಬೇಕು ತಿಳಿಯದೆ ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ನಾನು ತೀರ್ಮಾನ ಮಾಡಿ ಬಹಳ ವರ್ಷ ಆಯ್ತು" ಅಂದಳು. "ಯಾರೂ ಕೇಳ್ಲಿಲ್ಲ, ಅಷ್ಟೇ." ಆಮೇಲೆ ಎರಡೂ ಸಂಗತಿ ಹೇಳಿದಳು. ನರ್ಸಿನ ಕೋಟು, ಕೋನಾಲ್. ಒಂದನ್ನು ತೂಗಲು ಇನ್ನೊಂದನ್ನು ತರಲಿಲ್ಲ, ಒಂದಾದ ಮೇಲೊಂದು ಹೇಳಿದಳು. "ಕೋನಾಲ್‌ನ ಆ ಮಧ್ಯಾಹ್ನ ಏನೂ ಅಲ್ಲ ಅನ್ನೋರು ನನ್ನ ಅಂಗಡಿ ಮೆಟ್ಟಿಲು ಹತ್ತಬೇಡಿ. ಅವನ ತಾಯಿಗೆ ಹಾಗೆ ಬೇಕಿತ್ತು, ಹಾಗೆ ಮಾಡಿದ್ಲು. ಆ ಹುಡುಗಿಗೆ ಇಲ್ಲಿ ಒಂದು ಕೋಟು ಹೊದಿಸೋರು ಇರ್ಲಿಲ್ಲ. ನಾನೂ ಹೊದಿಸ್ಲಿಲ್ಲ, ತಲೆ ಬಾಚಿ ಕಳಿಸ್ದೆ. ನಾನು ಹೌದು ಅಂತ ಹಾಕ್ತೀನಿ."

ಚಪ್ಪಾಳೆ ಬೀಳಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬಾಕೆ ಎದ್ದು ಹೊರಟಳು, ಇನ್ನೊಬ್ಬಾಕೆ ಬಂದು ಡಿಂಫ್ನಾಳ ಭುಜ ಒತ್ತಿದಳು. ಬಾಗಿಲ ಬಳಿ ಅಟ್ರಾಕ್ಟಾ ಕಾದಿದ್ದಳು.

"ಇಷ್ಟು ವರ್ಷ ನನ್ನ ತಲೆ ನಿನ್ನ ಕೈಲಿತ್ತು" ಅಂದಳು. "ಒಂದು ದಿನ ಆದ್ರೂ ಹೇಳ್ಬಹುದಿತ್ತು."

"ನೀವು ಒಂದು ದಿನ ಆದ್ರೂ ಉಸಿರು ತಗೊಂಡಿದ್ರೆ ಹೇಳ್ತಿದ್ದೆ, ಟೀಚರ್."

ಅಟ್ರಾಕ್ಟಾ ಕೊಡೆ ಬಿಚ್ಚಿಕೊಂಡು ಹೋದವಳು ಆ ಶುಕ್ರವಾರ ಬರಲಿಲ್ಲ. ಪಕ್ಕದ ಊರಿನ ಹೊಸ ಸಲೂನಿಗೆ ಹೋದಳಂತೆ ಅಂತ ಸುದ್ದಿ ಬಂತು. ಡಿಂಫ್ನಾ ಆ ಹೊತ್ತಿಗೆ ಬೇರೆ ಯಾರನ್ನೂ ಕರೆಯದೆ ಖಾಲಿ ಕುರ್ಚಿ ಒರೆಸಿದಳು.

ಮೇ ತಿಂಗಳ ಕೊನೆಗೆ ವೋಟಾಯಿತು. ದೇಶದಲ್ಲಿ ಹೌದು ಗೆದ್ದಿತು. ಔಷಧಿ ಅಂಗಡಿಯಲ್ಲಿ ಗ್ರಾನ್ಯಾ ಕೇಕು ಹಂಚಿದಳು. ಮ್ಯಾಟಿ ಎರಡು ತುಂಡು ತಿಂದ. ನೀನು ಯಾವುದಕ್ಕೆ ಹಾಕಿದೆ ಅಂತ ಕೇಳಿದರೆ, "ಕೇಕು ಯಾವುದಾದ್ರೂ ಕೇಕೇ" ಅಂದ.

ಜೂನಿನಲ್ಲಿ ಅಟ್ರಾಕ್ಟಾ ಬಂದಳು. ತಲೆಗೆ ಸ್ಕಾರ್ಫು, ಅದೂ ಬೇಸಿಗೆಯಲ್ಲಿ. ಬಿಚ್ಚಿದಾಗ ಡಿಂಫ್ನಾ ತುಟಿ ಕಚ್ಚಿ ಹಿಡಿದಳು. ಪಕ್ಕದ ಊರಿನವಳು ಗುಂಗುರು ಮಾಡಲು ಹೋಗಿ, ಬಿರುಗಾಳಿ ಹೊಕ್ಕ ಹಕ್ಕಿಗೂಡು ಮಾಡಿಟ್ಟಿದ್ದಳು.

"ನಾನು ಕ್ಷಮಿಸಿದೀನಿ ಅಂತ ತಿಳ್ಕೋಬೇಡ" ಅಂದಳು ಅಟ್ರಾಕ್ಟಾ.

"ಇಲ್ಲ ಟೀಚರ್. ಕೂತ್ಕೊಳ್ಳಿ."

ಡಿಂಫ್ನಾ ಕತ್ತರಿ ಹಿಡಿದಳು. ಕೂದಲು ತುಪ್ಪುಳದ ಹಾಗೆ ನೆಲಕ್ಕೆ ಉದುರುತ್ತಿತ್ತು. ನಡುವೆ ಒಮ್ಮೆ ಅಟ್ರಾಕ್ಟಾ ಕನ್ನಡಿ ನೋಡದೆ, ತನ್ನ ಮಡಿಲು ನೋಡುತ್ತಾ ಕೇಳಿದಳು.

"ಆ ಹುಡುಗಿ ನನ್ನ ಕ್ಲಾಸಲ್ಲಿ ಓದಿದ್ಲಾ?"

ಡಿಂಫ್ನಾ ಕತ್ತರಿ ನಿಲ್ಲಿಸಿದಳು.

"ಬೇಡ, ಹೇಳ್ಬೇಡ" ಅಂದಳು ಅಟ್ರಾಕ್ಟಾ. "ಯಾರು ಅಂತ ನಂಗೆ ಅಂದಾಜಿದೆ. ಲೆಕ್ಕದಲ್ಲಿ ಬಹಳ ಚುರುಕಾಗಿದ್ಲು." ಬಿಳೀ ಬಟ್ಟೆಯೊಳಗಿಂದ ಕೈ ಹೊರತೆಗೆದು ಮೂಗು ಒರೆಸಿಕೊಂಡಳು. "ಈಗ ಚೆನ್ನಾಗಿದಾಳಾ?"

"ಚೆನ್ನಾಗಿದಾಳೆ, ಟೀಚರ್."

"ಸರಿ ಹಾಗಾದ್ರೆ. ಹಿಂದ್ಗಡೆ ಜಾಸ್ತಿ ತೆಗೀಬೇಡ."