ಬೀಳಗಿಯ ತರಗತಿಗೆ ತಡವಾಗಿ ಹೋದ ದಿನ

ನಮ್ಮ ಕಂಪ್ಯೂಟರ್ ಬಳಗದಲ್ಲಿ ಆಗ ಹನ್ನೊಂದು ಜನ ಇದ್ದೆವು. ಸೀರೆಯ ಅಂಚಿನ ನಕ್ಷೆಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುವ ಇಬ್ಬರು, ಒಬ್ಬ ಹೈಸ್ಕೂಲು ಮಾಸ್ತರರು, ನಿವೃತ್ತರಾದ ಒಬ್ಬ ಗುಮಾಸ್ತರು, ಹೀಗೆ. ಬನಹಟ್ಟಿಯಲ್ಲಿ ಲಗ್ನಪತ್ರಿಕೆ ಟೈಪ್ ಮಾಡಿಕೊಡುವ ಅಂಗಡಿ ನನ್ನದು. ಹಳೆಯ ಫಾಂಟಿನಲ್ಲಿ ಬರೆದದ್ದು ಹೊಸ ಯಂತ್ರದಲ್ಲಿ ಬರೀ ಚೌಕಗಳಾಗಿ ಕಂಡಾಗ ಒಬ್ಬರಿಗೊಬ್ಬರು ಫೋನ್ ಮಾಡುತ್ತ ಮಾಡುತ್ತ ಕೂಡಿಕೊಂಡವರು ನಾವು. ಒಮ್ಮೆ ಚಹಾ ಕುಡಿಯುವಾಗ ಮಾಸ್ತರರು, "ನಮಗ ಬರೋದನ್ನ ನಾಕು ಮಂದಿಗೆ ಹೇಳಿಕೊಡೂಣಲ್ಲ" ಎಂದರು. ಎಲ್ಲರೂ ಹೂಂ ಅಂದರು. ಕನ್ನಡ ಟೈಪಿಂಗ್ ತರಗತಿ ನಡೆಸುವ ಜವಾಬ್ದಾರಿ ನನ್ನ ತಲೆಗೆ ಬಂತು.

ಅಂದಿನಿಂದ ನನ್ನ ನೆಮ್ಮದಿ ಹೋಯಿತು. ವಾಟ್ಸಾಪಿನಲ್ಲಿ ಏನು ಹಾಕಿದರೂ ಹತ್ತು ಹೆಬ್ಬೆರಳು ಬೀಳುತ್ತಿದ್ದವು, ಬರುವವರು ಯಾರು ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ. ಬೈಕ್ ಏರಿ ಜಮಖಂಡಿಗೆ ಹೋಗಿ ಎರಡು ಹಳೆಯ ಲ್ಯಾಪ್‌ಟಾಪ್ ತಂದೆ. ಮುಧೋಳದಿಂದ ಒಂದು ತಂದೆ, ಅದರ ಚಾರ್ಜರಿನ ವಾಯರನ್ನು ಸೊಟ್ಟ ಹಿಡಿದರೆ ಮಾತ್ರ ದೀಪ ಹತ್ತುತ್ತಿತ್ತು. ಹೆಂಡತಿ ತಾಟು ಮುಂದಿಟ್ಟು, "ಮದಲ ಊಟಾ ಮಾಡ್ರಿ, ಆ ಫೋನ್ ಎಲ್ಲಿಗೂ ಓಡಿಹೋಗೂದಿಲ್ಲ" ಎಂದು ಬೈಯುತ್ತಿದ್ದಳು.

ಮೊದಲ ಭಾನುವಾರ ಬನಹಟ್ಟಿಯ ಶಾಲೆಯೊಂದರ ಕೋಣೆಯಲ್ಲಿ ಹದಿನಾಲ್ಕು ಮಂದಿ ಬಂದು ಕೂತರು. ಕಲಿಸಬೇಕಿದ್ದ ಮುಧೋಳದ ಗೆಳೆಯ, ಮನೆಗೆ ಬೀಗರು ಬಂದಿದ್ದಾರೆಂದು ಬೆಳಿಗ್ಗೆ ಒಂಬತ್ತಕ್ಕೆ ಸಂದೇಶ ಹಾಕಿದ. ಜೀವನದಲ್ಲಿ ಯಾರಿಗೂ ಪಾಠ ಹೇಳದ ನಾನೇ ನಿಂತೆ. ಮುಂದಿನ ಸಾಲಿನಲ್ಲಿ ಐವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬರಿದ್ದರು. ಮನೆಯಲ್ಲಿ ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತುವವರು. ಅವರ ಬಾಣದ ಗುರುತು ಪರದೆಯ ಮೂಲೆಗೆ ಹೋಗಿ ನಿಂತರೆ ನನಗೆ ತಡೆಯಲಾಗುತ್ತಿರಲಿಲ್ಲ. ಮೌಸ್ ಕಸಿದುಕೊಂಡು ನಾನೇ ಒತ್ತಿಬಿಡುತ್ತಿದ್ದೆ. ಮೂರನೆಯ ಸಲ ಅವರು ನನ್ನ ಕಡೆ ತಿರುಗಿದರು.

"ಅಣ್ಣಾರ, ಎಲ್ಲಾ ನೀವ ಮಾಡಿದ್ರ ನಾ ಏನ್ ಕಲೀಲಿ? ಕೈ ತಗೀರಿ."

ನಾನು ಮೌಸ್ ಬಿಟ್ಟೆ. ಸುತ್ತ ನೋಡಿದರೆ, ನಮ್ಮ ಬಳಗದ ಉಳಿದ ಮೂವರೂ ನನ್ನಂತೆಯೇ, ಕಲಿಯಲು ಬಂದವರ ಮೌಸ್ ಹಿಡಿದುಕೊಂಡು ನಿಂತಿದ್ದರು. ಮರುವಾರದಿಂದ, ಕಲಿಯುವವರ ಯಂತ್ರವನ್ನು ನಾವು ಮುಟ್ಟಕೂಡದು ಎಂದು ನಿಯಮ ಮಾಡಿಕೊಂಡೆವು. ಅದನ್ನು ಪಾಲಿಸುವುದು ನನಗೇ ಹೆಚ್ಚು ಕಷ್ಟವಾಯಿತು. ಯಾರಾದರೂ ಒಂದು ಅಕ್ಷರಕ್ಕಾಗಿ ಎರಡು ನಿಮಿಷ ಹುಡುಕಿದರೆ ನಾನು ಪಡಸಾಲೆಗೆ ಹೋಗಿ ಅಡ್ಡಾಡಿ ಬರುತ್ತಿದ್ದೆ. ನಾಲ್ಕನೆಯ ವಾರ ಕಂಡಿಕೆ ಸುತ್ತುವ ಆ ಅಕ್ಕಾರು ತಮ್ಮ ಓಣಿಯ ಗಟಾರದ ಬಗ್ಗೆ ಪುರಸಭೆಗೆ ಒಂದು ಅರ್ಜಿಯನ್ನು ತಾವೇ ಟೈಪ್ ಮಾಡಿದರು. ಒತ್ತಕ್ಷರ ಒಂದೂ ತಪ್ಪಿರಲಿಲ್ಲ.

ಆಮೇಲೆ ಬೀಳಗಿಯಿಂದ ಕರೆ ಬಂತು. ಅಲ್ಲಿನ ಇಪ್ಪತ್ತು ಹೆಣ್ಣುಮಕ್ಕಳು ಕಲಿಯಲು ಸಿದ್ಧರಿದ್ದರು. ಹತ್ತು ಗಂಟೆಗೆ ತರಗತಿ. "ನಾ ಬಸ್ಸಿಗೆ ಮುಂದ ಹೋಗಿರತೇನ್ರಿ" ಎಂದರು, ಈಗ ಕಲಿಸುವುದರಲ್ಲಿ ನಮಗೆ ಕೈಜೋಡಿಸುತ್ತಿದ್ದ ಅಕ್ಕಾರು. ಲ್ಯಾಪ್‌ಟಾಪುಗಳನ್ನು ಕಾರಿನಲ್ಲಿ ಹೇರಿಕೊಂಡು ನಾನೂ ಮಾಸ್ತರರೂ ಹೊರಟೆವು. ಕಬ್ಬಿನ ಹಂಗಾಮು. ಜಮಖಂಡಿ ದಾಟಿದ ಮೇಲೆ ಒಂದು ಟ್ರ್ಯಾಕ್ಟರಿನ ಹಿಂದಿನ ಡಬ್ಬಿ ಮಗುಚಿ, ಕಬ್ಬೆಲ್ಲ ರಸ್ತೆಗೆ ಅಡ್ಡ ಬಿದ್ದಿತ್ತು. ಒಂಬತ್ತೂವರೆ, ಹತ್ತು, ಹತ್ತೂ ಮುಕ್ಕಾಲು. ಅಕ್ಕಾರು ಫೋನ್ ಎತ್ತಲಿಲ್ಲ. ಕೆಲಸ ಬಿಟ್ಟು ಬಂದ ಹೆಣ್ಣುಮಕ್ಕಳು ನಮ್ಮನ್ನು ಬೈದುಕೊಂಡು ಮನೆಗೆ ಹೋಗುವುದು ಕಣ್ಣಿಗೆ ಕಟ್ಟಿತು. ಇಳಿದು ಮುಂದೆ ಹೋಗಿ ನೋಡಿದೆ, ತಿರುಗಿ ಬಂದೆ, ಮತ್ತೆ ಹೋದೆ.

"ನೀವು ಅಡ್ಡಾಡಿದ್ರ ಕಬ್ಬು ಸರೀತೈತೇನ್ರಿ? ಒಳಗ ಬಂದು ಕೂಡ್ರಿ" ಎಂದರು ಮಾಸ್ತರರು.

ಬೀಳಗಿ ಮುಟ್ಟಿದಾಗ ಹನ್ನೊಂದೂವರೆ ಮೀರಿತ್ತು. ಬ್ಯಾಗು ಹೊತ್ತು ಓಡಿದೆ. ಬಾಗಿಲಲ್ಲಿ ಚಪ್ಪಲಿಗಳು ಹಾಗೇ ಇದ್ದವು. ಒಳಗೆ ನೆಲದ ತುಂಬ ಸೀಮೆಸುಣ್ಣದಲ್ಲಿ ಬರೆದ ಕೀಲಿಮಣೆಗಳು. ಒಂದೊಂದರ ಮುಂದೆ ಇಬ್ಬಿಬ್ಬರು ಹೆಣ್ಣುಮಕ್ಕಳು ಕೂತು ಅಕ್ಷರದ ಮನೆಗಳ ಮೇಲೆ ಬೆರಳಿಡುತ್ತಿದ್ದರು. ಅಕ್ಕಾರು ನಡುವೆ ನಿಂತಿದ್ದರು.

"ಅಕ್ಕ ಅಂತ ಬರೀಬೇಕಂದ್ರ ಮದಲ ಅ. ಆಮ್ಯಾಲ ಕ. ಆಮ್ಯಾಲ ಈ ನಡುವಿನ ಎಫ್ ಒತ್ರಿ. ಮತ್ತೊಮ್ಮೆ ಕ. ಒತ್ತು ಬಿತ್ತು ನೋಡ್ರಿ."

ನನ್ನನ್ನು ಕಂಡು, "ಬಂದ್ರೀ ಅಣ್ಣಾರ? ಮಶಿನ್ ಅಲ್ಲೆ ಇಡ್ರಿ. ಇದೊಂದು ಮುಗಿಸಿಬಿಡತೇನಿ" ಎಂದರು.

ಸಮಾಧಾನವಾಯಿತು ಎಂದಷ್ಟೇ ಹೇಳಿದರೆ ಸುಳ್ಳಾಗುತ್ತದೆ. ನಾನಿಲ್ಲದೆ ನಡೆಯುತ್ತಿದೆಯಲ್ಲ ಎಂದು ಒಳಗೆ ಎಲ್ಲೋ ಚುಚ್ಚಿತು. ಆದರೆ ಲ್ಯಾಪ್‌ಟಾಪ್ ತೆರೆದಾಗ ಆ ಹೆಣ್ಣುಮಕ್ಕಳ ಬೆರಳು ಹುಡುಕಾಡದೆ ಅಕ್ಷರಕ್ಕೆ ಹೋದವು. ಬನಹಟ್ಟಿಯಲ್ಲಿ ನಾನು ಎರಡು ವಾರ ಕಲಿಸಲು ಹೆಣಗಿದ್ದನ್ನು ಅವರು ಒಂದೇ ಮಧ್ಯಾಹ್ನದಲ್ಲಿ ಕಲಿತರು.

ತಿರುಗಿ ಬರುವಾಗ ಕಾರಿನಲ್ಲಿ ಕೇಳಿದೆ: "ಅಷ್ಟು ಮಂದಿ ಮುಂದ ಒಬ್ರ ನಿಂತ್ರಿ, ಅಂಜಿಕಿ ಬರಲಿಲ್ಲೇನ್ರಿ ಅಕ್ಕಾರ?"

"ಬಂತ್ರೀ. ಆದ್ರ ಪಾಪ, ಅವರು ಬಂದು ಕುಂತಿದ್ರಲ್ಲ."

ಮುಂದೆ ಮುಧೋಳದಲ್ಲಿ ನಡೆಯಬೇಕಿದ್ದ ತರಗತಿಯನ್ನು ಬಳಗ ಅಕ್ಕಾರಿಗೇ ಒಪ್ಪಿಸಿತು. ಆ ಭಾನುವಾರ ಊರಲ್ಲೇ ಉಳಿದ ನಾನು, ಬೆಳಿಗ್ಗೆಯಿಂದ ಯಾವ ಕೆಲಸಕ್ಕೂ ಕೂರಲಾರದೆ, ಹಿಂದೆ ಪಡಸಾಲೆಯಲ್ಲಿ ಅಡ್ಡಾಡಿದ ಹಾಗೆ, ಕೊನೆಗೆ ಪಕ್ಕದ ರಬಕವಿವರೆಗೆ ನಡೆದುಕೊಂಡು ಹೋಗಿಬಂದೆ.